ದೂರಶಿಕ್ಷಣದ ಸ್ನಾತಕೋತ್ತರ ಕೋರ್ಸು: ಪಾಠ ಅಚ್ಚುಕಟ್ಟು, ಉತ್ತರಕ್ಕೆ ಮಾತ್ರ ಕಾಯಬೇಕು

ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣ ವಿಭಾಗದ ಮೂಲಕ ಓದುತ್ತಿದ್ದೇನೆ. ಕೋರ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಮುಗಿದಿರುವುದರಿಂದ ಅದರ ಗುಣದೋಷಗಳನ್ನು ಹೇಳುವಷ್ಟು ಅನುಭವವಾಗಿದೆ. ಪಾಠದ ಸಾಮಗ್ರಿ ಬಹಳ ಚೆನ್ನಾಗಿದೆ, ಪರೀಕ್ಷಾ ವ್ಯವಸ್ಥೆ ಪರವಾಗಿಲ್ಲ, ಆದರೆ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಬರುವ ವಿಷಯದಲ್ಲಿ ಈ ಕೋರ್ಸು ಸೋಲುತ್ತದೆ. ದೂರಶಿಕ್ಷಣದಲ್ಲಿ ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಅಧ್ಯಯನ ಸಾಮಗ್ರಿಯನ್ನು ಒಬ್ಬರೇ ಕುಳಿತು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ. ಪ್ರತಿ ಘಟಕದ ನಡುನಡುವೆ ಪ್ರಶ್ನೆಗಳಿವೆ, ಅವುಗಳ ಉತ್ತರಗಳು ಘಟಕದ ಕೊನೆಯಲ್ಲಿ ವಿವರಣೆಯೊಂದಿಗೆ ಇವೆ. ಇದು ಬರೀ ಅಲಂಕಾರವಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರು ಮುಂದೆ ಬಂದಿದ್ದರು. ರೆಕಾರ್ಡಿಂಗ್‌ಗಳ ಉಪಯೋಗವೂ ದೊಡ್ಡದು. ಸಂಭವನೀಯತೆಗೆ ಸಂಬಂಧಿಸಿದ ಬೇಯ್ಸ್ ಪ್ರಮೇಯವನ್ನು ಸಾಧಿಸಿ ತೋರಿಸುವಾಗ ಅಧ್ಯಾಪಕರು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಸರಸರನೆ ಹೋದರೆ, ವಿಡಿಯೊ ನಿಲ್ಲಿಸಿ, ಕಾಗದದ ಮೇಲೆ ಬರೆದು, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ತುಂಬಿದ ತರಗತಿಯಲ್ಲಿ ಅಧ್ಯಾಪಕರನ್ನು ಹಾಗೆ ಮತ್ತೆ ಮತ್ತೆ ನಿಲ್ಲಿಸುವ ಧೈರ್ಯ ಎಷ್ಟು ಜನರಿಗಿದ್ದೀತು?

ಬಿಡುವಾದಾಗ ಓದಬಹುದು ಎಂಬ ಭರವಸೆಯನ್ನು ಮಾತ್ರ ಎಚ್ಚರದಿಂದ ತೆಗೆದುಕೊಳ್ಳಬೇಕು. ವೇಳಾಪಟ್ಟಿಯನ್ನು ನಾವೇ ಹಾಕಿಕೊಳ್ಳಬಹುದೇ ಹೊರತು ಓದಿಗೆ ಬೇಕಾದ ಗಂಟೆಗಳು ಕಡಿಮೆಯಾಗುವುದಿಲ್ಲ; ಅವು ಕೆಲಸದ ನಂತರದ ವಿಶ್ರಾಂತಿಯಿಂದಲೋ, ಮನೆಯವರೊಂದಿಗೆ ಕಳೆಯುವ ಹೊತ್ತಿನಿಂದಲೋ ಬರಬೇಕು. ಕೇಳದೆ ಉಳಿದ ರೆಕಾರ್ಡಿಂಗ್‌ಗಳು ಒಮ್ಮೆ ಗುಡ್ಡೆಯಾದರೆ, ಅವನ್ನು 1.5 ಪಟ್ಟು ವೇಗದಲ್ಲಿ ಓಡಿಸಿ ಮುಗಿಸುವ ಅಭ್ಯಾಸ ಸಹಪಾಠಿಗಳಲ್ಲಿ ವ್ಯಾಪಕವಾಗಿದೆ. ಪೀಠಿಕೆಯ ಭಾಗಕ್ಕೆ ಅದು ಸಾಕು, ಪ್ರಮೇಯಗಳ ಸಾಧನೆಗೆ ಸಾಲದು.

ಇನ್ನು ಮುಖ್ಯ ವಿಷಯ. ದೂರದಿಂದ ಕಲಿಯುವ ಪದ್ಧತಿಗೆ ಎರಡು ಹಳೆಯ ಮಾದರಿಗಳಿವೆ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ತನ್ನ ಪರೀಕ್ಷೆಗಳನ್ನು ಹೊರಗಿನವರಿಗೂ ತೆರೆದಿಟ್ಟಿತು. ಎಲ್ಲಿ ಓದಿದರು, ಯಾರ ಬಳಿ ಓದಿದರು ಎಂಬುದು ಅಭ್ಯರ್ಥಿಗೇ ಬಿಟ್ಟದ್ದಾಗಿತ್ತು. 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು: ಮುದ್ರಿತ ಪಾಠ ಮತ್ತು ಪ್ರಸಾರದ ಜೊತೆಗೆ, ಬರೆದದ್ದನ್ನು ಓದಿ ಟಿಪ್ಪಣಿ ಹಾಕುವ ಬೋಧಕರನ್ನೂ ಒದಗಿಸಿತು. ಅದಕ್ಕೂ ಬಹಳ ಮುಂಚೆ, 1840ರ ದಶಕದಲ್ಲಿ, ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಿದಾಗಲೂ ವಿದ್ಯಾರ್ಥಿಯ ಬರಹವನ್ನು ತಿದ್ದಿ ಮರಳಿಸುತ್ತಿದ್ದರು. ನಮ್ಮ ಕೋರ್ಸಿನ ಕೈಪಿಡಿ ಬೋಧಕರಿರುವ ಎರಡನೆಯ ಮಾದರಿಯ ಭರವಸೆ ಕೊಡುತ್ತದೆ. ಸೇವೆ ಮಾತ್ರ ಕೆಲವು ಸೆಮಿಸ್ಟರ್‌ಗಳಲ್ಲಿ ಬರೀ ಪರೀಕ್ಷೆ ನಡೆಸುವ ಮೊದಲನೆಯದಕ್ಕೆ ಜಾರುತ್ತದೆ.

ಬೋಧಕರು ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಮೀಕ್ಷೆಗೆ ಆಯ್ಕೆಯಾದ ಇಬ್ಬರಿಗೆ ಸಂಬಂಧಿಸಿದ ಎರಡು ಘಟನೆಗಳ ಸಂಭವನೀಯತೆಗಳನ್ನು ಗುಣಿಸಿ ಉತ್ತರ ಪಡೆಯುವ ಸರಳ ಪ್ರಶ್ನೆಯೊಂದು ಅಸೈನ್‌ಮೆಂಟ್‌ನಲ್ಲಿತ್ತು. ನನ್ನ ಉತ್ತರ ಸರಿಯಿತ್ತು, ಪೂರ್ತಿ ಅಂಕವೂ ಬಂದಿತ್ತು. ಆದರೂ ಅಂಚಿನಲ್ಲಿ ಬೋಧಕರು ಒಂದು ಸಾಲು ಸೇರಿಸಿದ್ದರು: "ಆಯ್ಕೆಯಾದ ಇಬ್ಬರೂ ಒಂದೇ ಮನೆಯವರಾಗಿದ್ದರೆ ಈ ಗುಣಾಕಾರ ಸರಿಯಾಗುತ್ತದೆಯೇ?" ಘಟನೆಗಳು ಸ್ವತಂತ್ರವಾಗಿದ್ದಾಗ, ಅಂದರೆ ಒಂದು ನಡೆದದ್ದು ಇನ್ನೊಂದರ ಸಂಭವನೀಯತೆಯನ್ನು ಬದಲಿಸದಿದ್ದಾಗ ಮಾತ್ರ ಹಾಗೆ ಗುಣಿಸಬಹುದು ಎಂದು ಪುಸ್ತಕದಲ್ಲಿ ಬರೆದೇ ಇದೆ. ಆದರೆ ಸಮೀಕ್ಷೆಯ ದತ್ತಾಂಶವನ್ನು ಮುಂದಿಟ್ಟುಕೊಂಡು ಆ ಷರತ್ತನ್ನು ಪರೀಕ್ಷಿಸುವ ಅಭ್ಯಾಸ ನನಗೆ ಬಂದದ್ದು ಆ ಒಂದು ಸಾಲಿನಿಂದ. ಅವರ ಹೆಸರಿನ ಹೊರತು ನನಗೇನೂ ತಿಳಿಯದು, ಮುಖ ನೋಡಿದವನಲ್ಲ. ಅವರಿಗೆ ನಾನು ನಿಜವಾಗಿಯೂ ಋಣಿ.

ಮುಂದಿನ ಸೆಮಿಸ್ಟರ್‌ನಲ್ಲಿ ಅಸೈನ್‌ಮೆಂಟ್‌ಗಳು ಬರೀ ಅಂಕ ಹೊತ್ತು ಮರಳಿದವು. ನೂರಕ್ಕೆ ಎಪ್ಪತ್ತೆರಡು ಎಂದಿತ್ತು, ಉಳಿದ ಅಂಕ ಎಲ್ಲಿ ಹೋಯಿತೆಂದು ತಿಳಿಸುವ ಒಂದು ಗುರುತೂ ಇರಲಿಲ್ಲ. ಪೋರ್ಟಲ್‌ನ ಪ್ರಶ್ನೆ ವಿಭಾಗದಲ್ಲಿ ವಿವರಣೆ ಕೇಳಿದರೆ, "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ" ಎಂಬ ಯಾಂತ್ರಿಕ ಸಂದೇಶ ಕೂಡಲೇ ಬಂತು. ಮನುಷ್ಯರ ಉತ್ತರ ಬರುವ ವೇಳೆಗೆ ಆ ಘಟಕದ ಪರೀಕ್ಷೆಯೇ ಮುಗಿದಿತ್ತು. ಕ್ಯಾಂಪಸ್ಸಿನಲ್ಲಿ ಇಂಥ ವಿಳಂಬವಾದರೆ ಸ್ಟಾಫ್ ರೂಮಿಗೆ ಹೋಗಿ ಕೇಳಬಹುದು, ಸೀನಿಯರ್‌ಗಳನ್ನು ವಿಚಾರಿಸಬಹುದು. ದೂರಶಿಕ್ಷಣದವನಿಗೆ ಆ ಪೋರ್ಟಲ್ ಬಿಟ್ಟರೆ ಬೇರೆ ಬಾಗಿಲಿಲ್ಲ.

ಇನ್ನೊಂದು ನಷ್ಟವನ್ನು ಯಾವ ಪ್ರಕಟಣೆಯೂ ಹೇಳುವುದಿಲ್ಲ. ತರಗತಿಯಲ್ಲಿ ಬೇರೆಯವರು ಕೇಳುವ ಸಂಶಯಗಳೂ ನಮ್ಮ ಕಿವಿಗೆ ಬೀಳುತ್ತವೆ. ನಮಗೆ ಹೊಳೆಯದೇ ಇದ್ದ ಪ್ರಶ್ನೆಗೂ ಉತ್ತರ ಸಿಕ್ಕಿರುತ್ತದೆ. ವಾರಾಂತ್ಯದ ನೇರ ತರಗತಿಯಲ್ಲಿ ಎಲ್ಲರ ಕ್ಯಾಮೆರಾ, ಮೈಕ್ ಮುಚ್ಚಿದ್ದು, "ಯಾರಿಗಾದರೂ ಸಂಶಯವಿದೆಯೇ?" ಎಂದು ಅಧ್ಯಾಪಕರು ಕೇಳಿದಾಗ ಒಂದು ಧ್ವನಿಯೂ ಏಳುವುದಿಲ್ಲ. ಇದನ್ನು ನಾವು ಕೆಲವರು ವಾರಕ್ಕೊಮ್ಮೆ ಫೋನಿನಲ್ಲಿ ಸೇರಿ ಲೆಕ್ಕ ಬಿಡಿಸುವ ಮೂಲಕ ಸ್ವಲ್ಪ ಮಟ್ಟಿಗೆ ತುಂಬಿಕೊಂಡಿದ್ದೇವೆ. ಈ ಗುಂಪನ್ನು ವಿಶ್ವವಿದ್ಯಾಲಯವೇ ಮೊದಲ ವಾರದಲ್ಲಿ ಮಾಡಿಕೊಡಬೇಕಿತ್ತು. ಅದಕ್ಕೆ ಖರ್ಚೇನೂ ಇಲ್ಲ.

ಮನೆಯಿಂದ ಆನ್‌ಲೈನ್‌ನಲ್ಲಿ ಬರೆಯುವ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಕೋಣೆಯ ನಾಲ್ಕೂ ಗೋಡೆ ತೋರಿಸುವುದು ಮುಜುಗರವೆನಿಸಿದರೂ, ಸಂಪರ್ಕ ಕಡಿದಾಗ ಬರೆದಷ್ಟು ಉತ್ತರ ಉಳಿದುಕೊಳ್ಳುತ್ತದೆ.

ಉದ್ಯೋಗ ಬಿಡಲಾಗದವರು, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದವರು ಈ ಕೋರ್ಸಿಗೆ ಸೇರಬಹುದು ಎಂದೇ ಹೇಳುತ್ತೇನೆ, ಏಕೆಂದರೆ ಪಾಠದ ಗುಣಮಟ್ಟ ಅಷ್ಟು ಚೆನ್ನಾಗಿದೆ. ಆದರೆ ಶುಲ್ಕ ಕಟ್ಟುವ ಮುನ್ನ, ಈಗ ಓದುತ್ತಿರುವ ವಿದ್ಯಾರ್ಥಿಯೊಬ್ಬರಿಂದ ತಿದ್ದಿ ಮರಳಿಸಿದ ಅಸೈನ್‌ಮೆಂಟ್ ಒಂದನ್ನು ಪಡೆದು ಅದರ ಅಂಚುಗಳನ್ನು ನೋಡಿ. ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಪ್ರಶ್ನೆಗೆ ಎಷ್ಟು ದಿನದೊಳಗೆ ಉತ್ತರ ಕೊಡುತ್ತಾರೆ ಎಂಬುದನ್ನು ಕಚೇರಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ.