ಪೈಥಾನ್, ಐಪೈಥಾನ್, ನೋಡ್: ಟರ್ಮಿನಲ್‌ನಲ್ಲಿ ಯಾವುದು ವಾಸಿ?

ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತೇವೆ. ಪೇಪರ್‌ನಲ್ಲಿ ಬರುವುದು ಮಿಲಿಮೀಟರ್. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಇಷ್ಟು ಲೆಕ್ಕಕ್ಕೆಲ್ಲ ಪ್ರೋಗ್ರಾಂ ಫೈಲ್ ಯಾಕೆ, ಅಲ್ವಾ? ಟರ್ಮಿನಲ್‌ನಲ್ಲಿ, ಅಂದರೆ ಕಂಪ್ಯೂಟರ್‌ಗೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಒಂದೇ ಪದ ಟೈಪ್ ಮಾಡಿ ಎಂಟರ್ ಒತ್ತಿದರೆ ಇಂಟರ್‌ಪ್ರಿಟರ್ ರೆಡಿ. ನಾವು ಬರೆದ ಸಾಲನ್ನು ಅದು ಅಲ್ಲೇ ಓಡಿಸಿ ಉತ್ತರ ಕೊಡುತ್ತದೆ. ಮೂರನ್ನು ಬಳಸಿ ನೋಡಿದ್ದೇನೆ.

ಮೊದಲು ಬರಿಯ ಪೈಥಾನ್. ಲಿನಕ್ಸ್‌ನಲ್ಲಿ 'ಪೈಥಾನ್3' ಅಂತ ಟೈಪ್ ಮಾಡಬೇಕು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡಿದ್ದರೆ 'ಪಿ', 'ವೈ' ಎರಡಕ್ಷರ ಸಾಕು. ಹಾಕಿಕೊಳ್ಳದೆ ಪೂರ್ತಿ ಹೆಸರು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳಬಹುದು, ಗಾಬರಿ ಬೇಡ. ಎರಡು ಇಂಚು ಐವತ್ತು ಸೆಂಟ್ ಮಳೆ ಅಂದರೆ 2.5ನ್ನು 25.4ರಿಂದ ಗುಣಿಸಿ, 63.5 ಮಿ.ಮೀ. ಅಂಡರ್‌ಸ್ಕೋರ್ ಒತ್ತಿದರೆ ಹಿಂದಿನ ಉತ್ತರ ಮತ್ತೆ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಹೊರಬರಲು 'ಎಕ್ಸಿಟ್' ಅಂದರೆ ಅದು ಹೊರಗೆ ಬಿಡುವುದಿಲ್ಲ, ಬ್ರಾಕೆಟ್ ಹಾಕು ಅಂತ ನಮಗೇ ಪಾಠ ಹೇಳುತ್ತದೆ! 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಆ ಕಾಟ ಇಲ್ಲ. ಮೇಲಿನ ಬಾಣದ ಕೀ ಒತ್ತಿದರೆ ಹಿಂದೆ ಬರೆದ ಹಲವು ಸಾಲಿನ ಫಂಕ್ಷನ್ ಇಡಿಯಾಗಿ ಒಟ್ಟಿಗೆ ಬರುತ್ತದೆ. ಮೊದಲು ಒಂದೊಂದೇ ಸಾಲು ಬರುತ್ತಿತ್ತು, ಸಾಕಾಗಿ ಹೋಗುತ್ತಿತ್ತು.

ಐಪೈಥಾನ್ ಅಂದರೆ ಹೆಚ್ಚು ಸೌಲಭ್ಯಗಳಿರುವ ಪೈಥಾನ್ ಇಂಟರ್‌ಪ್ರಿಟರ್. ಫರ್ನಾಂಡೋ ಪೆರೆಜ್ 2001ರಲ್ಲಿ ಶುರು ಮಾಡಿದರು. ಇದನ್ನು ಪೈಥಾನ್ ಪ್ಯಾಕೇಜ್‌ಗಳನ್ನು ಇಳಿಸುವ 'ಪಿಪ್'ನಿಂದ ಬೇರೆಯಾಗಿ ಇಳಿಸಿಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ಲ, ಬೇಸಿಗೆಯಲ್ಲೇ ಇಳಿಸಿಡಿ. ತೆರೆದುಕೊಳ್ಳುವುದೂ ಸ್ವಲ್ಪ ನಿಧಾನ. ಆದರೂ ಜೂನ್, ಜುಲೈಯಲ್ಲಿ ನಾನು ತೆರೆಯುವುದು ಇದನ್ನೇ. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಯುಪಿಎಸ್ ಇಲ್ಲದ ಕಂಪ್ಯೂಟರ್ ಸತ್ತಿತು ಅಂದುಕೊಳ್ಳಿ. ನನ್ನಲ್ಲಿದ್ದ ಹಳೆಯ ಪೈಥಾನ್ ಹಿಸ್ಟರಿಯನ್ನು (ಟೈಪ್ ಮಾಡಿದ ಸಾಲುಗಳ ಪಟ್ಟಿಯನ್ನು) ಬರೆದಿಡುತ್ತಿದ್ದುದು ನಾವು ಸರಿಯಾಗಿ ಹೊರಬಂದಾಗ ಮಾತ್ರ, ಹಾಗಾಗಿ ಅಷ್ಟು ಹೊತ್ತು ಟೈಪ್ ಮಾಡಿದ್ದೆಲ್ಲ ಹೋಯಿತು. ಐಪೈಥಾನ್ ಪ್ರತಿ ಸಾಲನ್ನೂ ಆಗಿಂದಾಗಲೇ ಡೇಟಾಬೇಸ್‌ಗೆ ಸೇರಿಸುತ್ತದೆ. ಕರೆಂಟ್ ಬಂದ ಮೇಲೆ ಉತ್ತರಗಳು ಇರುವುದಿಲ್ಲ, ಆದರೆ ಟೈಪ್ ಮಾಡಿದ ಸಾಲುಗಳು ಸಿಗುತ್ತವೆ. ಯಾವುದೇ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದರೆ ಅದರ ವಿವರಣೆಯೂ ಬರುತ್ತದೆ.

ನೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಓಡಿಸುವುದು ಜಾವಾಸ್ಕ್ರಿಪ್ಟ್ ಭಾಷೆಯನ್ನು, ಅದನ್ನು ಕಲಿಯುವವರಿಗೆ ಸರಿ. ಮಳೆ ಲೆಕ್ಕಕ್ಕೆ ಬೇಡ. ಉದ್ಧರಣ ಚಿಹ್ನೆಯೊಳಗಿನ 3ಕ್ಕೆ (ಅಂದರೆ ಅಂಕಿಯಲ್ಲ, ಪಠ್ಯ) 2 ಕೂಡಿಸಿದರೆ ಸುಮ್ನೆ 32 ಅನ್ನುತ್ತದೆ. ಪೈಥಾನ್ ಆದರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ.

ಬರಿಯ ಪೈಥಾನ್ ಸಾಕು ಅನ್ನುವವರು ತಿಂಗಳ ಮಳೆಯನ್ನು ಒಂದು ಪೈಥಾನ್ ಫೈಲ್‌ನಲ್ಲಿ ಬರೆದಿಡಿ. ಪೈಥಾನ್ ತೆರೆಯುವ ಪದದ ನಂತರ ಹೈಫನ್, 'ಐ', ಆಮೇಲೆ ಫೈಲ್ ಹೆಸರು ಕೊಡಿ. ಫೈಲ್ ಓಡಿ ಮುಗಿದ ಮೇಲೂ ಇಂಟರ್‌ಪ್ರಿಟರ್ ಮುಚ್ಚುವುದಿಲ್ಲ, ಅಂಕಿಗಳೆಲ್ಲ ಕೈಗೆ ಸಿಗುವಂತೆ ಇರುತ್ತವೆ.