ಡಬ್ಲ್ಯೂಡಬ್ಲ್ಯೂಇ: ಕಟ್ಟಿದ ಕಥೆ, ಕೈಬಿಟ್ಟ ಕಥೆ

ವೃತ್ತಿಪರ ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನೋಡುಗರಿಗೆಲ್ಲ ತಿಳಿದಿರುವ ಸಂಗತಿ. ಹಾಗಿರುವಾಗ ಅಮೆರಿಕದ ರೆಸ್ಲಿಂಗ್ ಸಂಸ್ಥೆ ಡಬ್ಲ್ಯೂಡಬ್ಲ್ಯೂಇ ಮಾರುವ ಸರಕನ್ನು ಕಥೆಯೆಂದೇ ತೂಗಿ ನೋಡಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಆ ಸಂಸ್ಥೆ ಕೊಟ್ಟ ಅತ್ಯುತ್ತಮ ಕಥಾನಕ, ನನ್ನ ಮಟ್ಟಿಗೆ, ರೋಮನ್ ರೇನ್ಸ್ ಮತ್ತು ಅವನ ಬಂಧುಗಳ ಬಣವಾದ ‘ಬ್ಲಡ್‌ಲೈನ್’ನದು. 2020ರ ಆಗಸ್ಟ್‌ನಲ್ಲಿ ಗೆದ್ದ ಪಟ್ಟವನ್ನು ಅವನು 1,316 ದಿನ ಬಿಟ್ಟುಕೊಡಲಿಲ್ಲ. ಹೊರಗಿನವರ ಹಸ್ತಕ್ಷೇಪದಿಂದಲೇ ಮುಗಿಯುತ್ತಿದ್ದ ಪಂದ್ಯಗಳು ಬೇಸರ ತರಿಸಿದ್ದೂ ಉಂಟು. ಆದರೂ ಕಥೆ ಕುಸಿಯಲಿಲ್ಲ, ಏಕೆಂದರೆ ಆ ಮನೆತನದೊಳಗೆ ಯಾರಿಗೆ ಎಷ್ಟು ಮನ್ನಣೆ ಎಂಬ ಪ್ರಶ್ನೆ ಬೆಲ್ಟ್‌ಗಿಂತ ದೊಡ್ಡದಾಗಿ ಬೆಳೆದಿತ್ತು. ರಕ್ತಸಂಬಂಧವಿಲ್ಲದ ಸ್ಯಾಮಿ ಝೇನ್ ತಿಂಗಳುಗಟ್ಟಲೆ ಅವರ ಮೆಚ್ಚುಗೆಗಾಗಿ ಹಂಬಲಿಸುತ್ತಾನೆ. 2023ರ ಜನವರಿಯಲ್ಲಿ, ಸಂಸ್ಥೆಯ ವಾರ್ಷಿಕ ಪ್ರದರ್ಶನ ರಾಯಲ್ ರಂಬಲ್‌ನಲ್ಲಿ, ಅವನ ಹಳೆಯ ಗೆಳೆಯ ಕೆವಿನ್ ಓವನ್ಸ್ ಕೈಕೋಳ ಬಿದ್ದು ರಿಂಗ್‌ನ ಹಗ್ಗಕ್ಕೆ ತಗುಲಿಕೊಂಡಿರುವಾಗ, ರೇನ್ಸ್ ಕುರ್ಚಿಯೊಂದನ್ನು ಸ್ಯಾಮಿಯ ಕೈಗಿಟ್ಟು ಹೊಡೆಯೆಂದು ಗದರುತ್ತಾನೆ. ಕುರ್ಚಿ ಬೀಳುವುದು ರೇನ್ಸ್‌ನ ಬೆನ್ನಿಗೆ. ಉಳಿದವರು ಸ್ಯಾಮಿಯನ್ನು ಬಡಿಯತೊಡಗಿದಾಗ ರೇನ್ಸ್‌ನ ಬಂಧು ಜೇ ಉಸೋ ಕೈಜೋಡಿಸದೆ ಮೌನವಾಗಿ ಹೊರನಡೆಯುತ್ತಾನೆ. ಆ ನಡಿಗೆಯಲ್ಲಿ ಮುಂದಿನ ಹಲವು ತಿಂಗಳ ಕಥೆ ಅಡಗಿತ್ತು. ಮರುತಿಂಗಳು ಮಾಂಟ್ರಿಯಲ್‌ನಲ್ಲಿ, ತನ್ನ ಊರಿನ ಜನರೆದುರೇ, ಸ್ಯಾಮಿ ರೇನ್ಸ್‌ಗೆ ಸೋತದ್ದು ನನಗೆ ಇಂದಿಗೂ ಸರಿಕಾಣದು. ಆದರೆ ಸಂಸ್ಥೆಯ ಅತಿದೊಡ್ಡ ವಾರ್ಷಿಕ ಪ್ರದರ್ಶನ ರೆಸಲ್‌ಮೇನಿಯಾದಲ್ಲಿ ಅವನು ಓವನ್ಸ್ ಜೊತೆಗೂಡಿ ಉಸೋ ಸಹೋದರರಿಂದ ಟ್ಯಾಗ್ ಟೀಮ್ (ಜೋಡಿ) ಪಟ್ಟ ಕಿತ್ತುಕೊಂಡಾಗ ಆ ಸಾಲ ಬಹುಪಾಲು ತೀರಿತು.

ಇದರ ಪಕ್ಕದಲ್ಲಿ 2025ರ ಜಾನ್ ಸೀನಾ ಕಥೆಯನ್ನಿಟ್ಟು ನೋಡಿದರೆ ನಿರಾಸೆಯೇ ಹೆಚ್ಚು. ಆರಂಭವಂತೂ ಅದ್ಭುತ: ಮಾರ್ಚ್ 1ರಂದು ಟೊರಾಂಟೊದಲ್ಲಿ, ತನ್ನ ಆತ್ಮವನ್ನು ಕೊಳ್ಳಲು ಬಂದ ರಾಕ್‌ಗೆ (ನಟನೂ ಆದ ರೆಸ್ಲರ್ ಡ್ವೇಯ್ನ್ ಜಾನ್ಸನ್) ಅದನ್ನು ಮಾರಲು ಒಪ್ಪದ ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ನನ್ನು ಸೀನಾ ಅಪ್ಪಿಕೊಂಡಿದ್ದಾನೆ, ಎದುರಿಗಿದ್ದ ರಾಕ್ ಕತ್ತು ಸೀಳುವ ಸನ್ನೆ ಮಾಡುತ್ತಾನೆ, ಕೋಡಿಯ ಭುಜದಾಚೆಗೆ ಸೀನಾನ ಮುಖದಿಂದ ನಗು ಮೆಲ್ಲನೆ ಇಳಿದುಹೋಗುತ್ತದೆ. ಎರಡು ದಶಕ ಮಕ್ಕಳ ನಾಯಕನಾಗಿದ್ದವನು ಖಳನಾಗಲು ಆ ಒಂದು ಮುಖಭಾವವೇ ಸಾಕಾಯಿತು. ಆಮೇಲೆ? ಏಪ್ರಿಲ್‌ನಲ್ಲಿ ಸೀನಾ 17ನೇ ವಿಶ್ವಪಟ್ಟ ಗೆದ್ದು ದಾಖಲೆ ಬರೆದ ಪಂದ್ಯ ನೀರಸವಾಗಿತ್ತು. ರಾಕ್ ಅತ್ತ ಸುಳಿಯಲೇ ಇಲ್ಲ, ಅವನ ಬದಲು ರ‍್ಯಾಪ್ ಗಾಯಕ ಟ್ರಾವಿಸ್ ಸ್ಕಾಟ್ ಬಂದು ಅಡ್ಡಗಾಲು ಹಾಕಿದ. ಆಗಸ್ಟ್ ಬರುವಷ್ಟರಲ್ಲಿ ಸೀನಾ ಒಂದು ಭಾಷಣದ ನಡುವೆ ಮತ್ತೆ ಒಳ್ಳೆಯವನಾಗಿಬಿಟ್ಟ.

ಈ ಸಂಸ್ಥೆಯ ಕಥೆಗಳನ್ನು ಹೊಸದಾಗಿ ನೋಡಹೊರಟವರಿಗೆ ರಾಯಲ್ ರಂಬಲ್‌ನ ಆ ರಾತ್ರಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಟೊರಾಂಟೊದ ಕೊನೆಯ ಹತ್ತು ನಿಮಿಷಗಳನ್ನೂ ನೋಡಬಹುದು, ಅಲ್ಲಿಗೇ ನಿಲ್ಲಿಸುವುದಾದರೆ. ಆತ್ಮ ಕೊಳ್ಳಲು ಬಂದಿದ್ದ ಗಿರಾಕಿ, ಸೀನಾನನ್ನು ಕೊಂಡ ಮೇಲೆ ಸರಕು ಒಯ್ಯಲೂ ತಿರುಗಿ ಬರಲಿಲ್ಲ.