ಟ್ರ್ಯಾಕಿಂಗ್ ನಂಬರ್ ಬಂತು ಅಂದ್ರೆ ಪೋಸ್ಟ್ ಆಯ್ತು ಅಂತಲ್ಲ

ಮೊದಲೇ ಹೇಳಿಬಿಡ್ತೀನಿ, ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹನ್ನೊಂದು ವರ್ಷ ಕಳೆದವನು ನಾನು, ಬೇರೆಯವರ ತಪ್ಪು ಹುಡುಕೋದೇ ನನ್ನ ಅನ್ನ. ಅಂಥವನ ಕಿವಿಗೆ ಒಬ್ಬ ಹೂವಿಟ್ಟ. ಒಂದು ತಿಂಗಳು ಆ ಹೂವು ಇಟ್ಟುಕೊಂಡೇ ಓಡಾಡಿದೆ. ಅಮೆರಿಕದಲ್ಲಿದ್ದು ಅಪ್ಪ ಅಮ್ಮನ್ನೋ ಅತ್ತೆ ಮಾವನ್ನೋ ವಿಸಿಟರ್ ವೀಸಾದಲ್ಲಿ ಕರೆಸಿಕೊಂಡಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮತ್ತೆ ಬಾಣಂತನಕ್ಕೆ ಅಂತ 2025ರ ಜೂನ್ 15ಕ್ಕೆ ನ್ಯೂಜೆರ್ಸಿಗೆ ಬಂದರು. ಮಾಮೂಲಿನಂತೆ ಆರು ತಿಂಗಳು ಸಿಕ್ಕಿತು, ಐ-94ರಲ್ಲಿ (ಎಲ್ಲಿತನಕ ಇಲ್ಲಿರಬಹುದು ಅಂತ ಹೇಳೋ ದಾಖಲೆ) ಡಿಸೆಂಬರ್ 14, 2025. ಸೆಪ್ಟೆಂಬರ್‌ನಲ್ಲಿ ಮಗು ಆಯ್ತು. ಸಿಸೇರಿಯನ್. ಹೊಲಿಗೆ ಸೋಂಕಾಗಿ ಹೆಂಡತಿ ಮತ್ತೆ ಆಸ್ಪತ್ರೆ ಸೇರಿದಳು. ಅತ್ತೆ ಇನ್ನೊಂದು ಮೂರು ತಿಂಗಳು ಇರಲೇಬೇಕಿತ್ತು, ಅದಕ್ಕೆ ಐ-539, ಅಂದರೆ ಇರೋ ಅವಧಿ ವಿಸ್ತರಿಸಿ ಅಂತ ಕೇಳೋ ಅರ್ಜಿ. ಗಡುವಿಗೆ 45 ದಿನ ಮುಂಚೆಯೇ ಹಾಕಿ ಅಂತ ಇಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ನವರೇ ಹೇಳ್ತಾರೆ. ರಾತ್ರಿಯೆಲ್ಲ ಮಗು ಎತ್ತಿಕೊಂಡು ಓಡಾಡೋ ಮನೇಲಿ ತಾರೀಕು ಯಾರಿಗೆ ನೆನಪಿರುತ್ತೆ? ನಾನು ಎದ್ದು ಹೊರಟಿದ್ದು ನವೆಂಬರ್ 1ಕ್ಕೆ, ಶನಿವಾರ.

ದೇಸಿ ಅಂಗಡಿಗಳ ಸಾಲಿನಲ್ಲಿ ಒಂದು ಸಣ್ಣ ಮಳಿಗೆ. ಇಮಿಗ್ರೇಷನ್, ಟ್ಯಾಕ್ಸ್, ಓಸಿಐ, ಪಾಸ್‌ಪೋರ್ಟ್ ಫೋಟೋ, ಎಲ್ಲ ಒಂದೇ ಬೋರ್ಡಿನಲ್ಲಿ. ಆಸಾಮಿ ಲಾಯರ್ ಅಲ್ಲ. ಆದರೆ ನಮ್ಮ ಕಡೆಯವನು. ಹೆಗಲ ಮೇಲೆ ಹಳದಿ ಕೆಂಪು ಶಾಲು. "ರಾಜ್ಯೋತ್ಸವದ ಶುಭಾಶಯ ಸರ್! ತುಮಕೂರಾ? ನಮ್ಮಜ್ಜಿ ಊರು ತಿಪಟೂರು!" ಅಷ್ಟೇ ಸಾಕಾಯ್ತು, ಕರಗಿ ನೀರಾದೆ. ಕೊಬ್ಬರಿ ಊರಿನವನು ನನ್ನ ತಲೆ ಮೇಲೇ ಕಾಯಿ ಒಡೆಯೋನು ಅಂತ ಆಗ ಗೊತ್ತಿರಲಿಲ್ಲ.

ಅವನ ಫೀಸು 180 ಡಾಲರ್, ಝೆಲ್‌ನಲ್ಲಿ ಹಾಕಿದೆ. ಸರ್ಕಾರದ ಫೀಸು 470ಕ್ಕೆ ಚೆಕ್ ಬರೆಸಿಕೊಂಡ. ಅತ್ತೆ ಪಾಸ್‌ಪೋರ್ಟೂ ಬೇಕು ಅಂದ, ಜೆರಾಕ್ಸ್ ಅಲ್ಲ, ಒರಿಜಿನಲ್ಲು. "ನೋಟರಿ ಮಾಡಿಸ್ಬೇಕು ಸರ್." ಕೊಟ್ಟೆ. ಹೌದು, ಕೊಟ್ಟೆ. ಬರೀ ಜೆರಾಕ್ಸ್ ಸಾಕಾಗೋ ಅರ್ಜಿಗೆ, ಅತ್ತೆ ಊರಿಗೆ ವಾಪಸ್ ಹೋಗೋಕೆ ಇರೋ ಒಂದೇ ಒಂದು ಪುಸ್ತಕನ ಕೈಯಾರೆ ಕೊಟ್ಟು ಬಂದೆ.

ಮಂಗಳವಾರ ವಾಟ್ಸಾಪ್‌ನಲ್ಲಿ ಲೇಬಲ್ ಫೋಟೋ ಬಂತು. ಯುಎಸ್‌ಪಿಎಸ್, ಅಂದರೆ ಅಮೆರಿಕದ ಅಂಚೆ ಇಲಾಖೆಯ ಲೇಬಲ್ಲು, ಉದ್ದನೆ ಟ್ರ್ಯಾಕಿಂಗ್ ನಂಬರ್. "ಕಳಿಸಾಯ್ತು ಸರ್, ಇನ್ನು ನಿಶ್ಚಿಂತೆ." ಸೈಟಿನಲ್ಲಿ ನಂಬರ್ ಹಾಕಿದರೆ "ಲೇಬಲ್ ಕ್ರಿಯೇಟೆಡ್, ನಾಟ್ ಯೆಟ್ ಇನ್ ಸಿಸ್ಟಮ್" ಅಂತ ಬರ್ತಿತ್ತು. ಒಂದು ವಾರ ಆದಮೇಲೂ ಅದೇ. ಕೇಳಿದೆ. "ಗವರ್ನಮೆಂಟ್ ಶಟ್‌ಡೌನ್ ಅಲ್ವಾ ಸರ್, ಎಲ್ಲಾ ಸ್ಲೋ." ನಂಬಿದೆ. ಶಟ್‌ಡೌನ್ (ಬಜೆಟ್ ಪಾಸಾಗದೆ ಸರ್ಕಾರಿ ಕಚೇರಿಗಳ ಕೆಲಸ ನಿಲ್ಲೋದು) ಇದ್ದಿದ್ದು ನಿಜ, ಆದರೆ ಅದಕ್ಕೂ ಅಂಚೆಗೂ ಸಂಬಂಧ ಇಲ್ಲ, ನಮ್ಮ ಮನೆ ಡಬ್ಬಕ್ಕೆ ದಿನಾ ಕಾಗದ ಬಂದು ಬೀಳ್ತಾನೇ ಇತ್ತು! ನವೆಂಬರ್ 12ಕ್ಕೆ ಶಟ್‌ಡೌನ್ ಮುಗೀತು. ಆಮೇಲೆ "ಬ್ಯಾಕ್‌ಲಾಗ್ ಸರ್". ಆಮೇಲೆ "ಥ್ಯಾಂಕ್ಸ್‌ಗಿವಿಂಗ್ ಸರ್". ಆಮೇಲೆ ಬರೀ ಕೈಮುಗಿಯೋ ಎಮೋಜಿ.

ಡಿಸೆಂಬರ್ 5, ರಾತ್ರಿ ಊಟ ಮಾಡ್ತಾ ಹೆಂಡತಿ ಕೇಳಿದಳು, "ರೀ, ಆ 470ರ ಚೆಕ್ ಇನ್ನೂ ಯಾಕೆ ಪಾಸಾಗಿಲ್ಲ?" ಕೈಲಿದ್ದ ತುತ್ತು ಕೈಲೇ ಉಳೀತು. ಲೇಬಲ್ ಕ್ರಿಯೇಟೆಡ್. ಲೇಬಲ್ ಅಷ್ಟೇ. ಮನೇಲಿ ಕೂತು ಯಾರು ಬೇಕಾದರೂ ದುಡ್ಡು ಕಟ್ಟಿ ಲೇಬಲ್ ಪ್ರಿಂಟ್ ತಗೋಬಹುದು, ನಂಬರ್ ಬರುತ್ತೆ. ಲಕೋಟೆ ಅಂಚೆಯವರ ಕೈ ಸೇರಿ ಸ್ಕ್ಯಾನ್ ಆಗೋತನಕ ಆ ನಂಬರ್ ಬರೀ ನಂಬರ್ರು. ಒಂದು ತಿಂಗಳಿಂದ ಸ್ಕ್ರೀನು ನನಗೆ ಅದನ್ನೇ ಹೇಳ್ತಿತ್ತು, ಇಂಗ್ಲಿಷಿನಲ್ಲಿ, ದಿನಾ. ಅತ್ತೆ ಏನೂ ಅನ್ನಲಿಲ್ಲ. "ಪಾಸ್‌ಪೋರ್ಟ್ ಅವರ ಹತ್ರಾನೇ ಇದೆಯಾ?" ಅಂತ ಕೇಳಿ ಸುಮ್ಮನೆ ಒಳಗೆ ಹೋದರು.

ಮರುದಿನ ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋಗಿ ನಿಂತೆ. ಫೋಟೋ ತೆಗೆಯೋ ಸ್ಟೂಲ್ ಪಕ್ಕದ ಡ್ರಾಯರ್ ಎಳೆದ. ರಬ್ಬರ್ ಬ್ಯಾಂಡ್ ಸುತ್ತಿದ ಆರೇಳು ಲಕೋಟೆ. ಮೂರನೆಯದು ನಮ್ಮದು. ಲೇಬಲ್ ನೀಟಾಗಿ ಅಂಟಿಸಿದೆ, ಬಾಯಿ ಮಾತ್ರ ಅಂಟಿಸಿಲ್ಲ. ತಲೆಕೆಳಗು ಮಾಡಿದರೆ ಪಾಸ್‌ಪೋರ್ಟ್ ಟಪ್ ಅಂತ ಬಿತ್ತು. ಉಳಿದ ಲಕೋಟೆಗಳು ಯಾರವೋ, ಅವರೂ ನನ್ನ ಹಾಗೇ ನಂಬರ್ ನೋಡ್ತಾ ಕೂತಿರಬೇಕು.

"ಅಯ್ಯೋ ಸರ್, ಹುಡುಗ ಹಾಕಿದಾನೆ ಅಂದ್ಕೊಂಡಿದ್ದೆ."
"ಯಾವ ಹುಡುಗ?"
"ಅವನು ಕೆಲಸ ಬಿಟ್ಟ ಸರ್."
"ಇನ್ನು ಎಂಟೇ ದಿನ ಇರೋದು!"
"ಏನೂ ಆಗಲ್ಲ ಬಿಡಿ ಸರ್, ಎರಡು ವಾರ ಗ್ರೇಸ್ ಇರುತ್ತೆ."

ಗ್ರೇಸ್! ವಿಸಿಟರ್‌ಗೆ ಅಂಥ ಗ್ರೇಸ್ ಯಾವುದೂ ಇಲ್ಲ. ಆ ತಾರೀಕಿನೊಳಗೆ ಅರ್ಜಿ ಯುಎಸ್‌ಸಿಐಎಸ್‌ನವರ ಕೈ ಸೇರದೆ ಒಂದು ದಿನ ಮೀರಿದರೂ ಓವರ್‌ಸ್ಟೇ, ಕಾನೂನು ಪ್ರಕಾರ ಅತ್ತೆಯ ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು. ಲೆಕ್ಕಕ್ಕೆ ಬರೋದು ಅವರಿಗೆ ತಲುಪಿದ ದಿನ, ಪೋಸ್ಟ್ ಮಾಡಿದ ದಿನ ಅಲ್ಲ. "ಹಾಗಾದ್ರೆ ಇವತ್ತೇ ಫೆಡೆಕ್ಸ್ ಓವರ್‌ನೈಟ್ ಹಾಕ್ತೀನಿ ಸರ್" ಅಂದ. ಲೇಬಲ್ ಮೇಲಿದ್ದಿದ್ದು ಪಿಓ ಬಾಕ್ಸ್ ವಿಳಾಸ. ಪಿಓ ಬಾಕ್ಸಿಗೆ ಕೊರಿಯರ್‌ನವರು ಹಾಕೋಕೆ ಆಗಲ್ಲ, ಅವರಿಗೆ ಅಂತಲೇ ಬೇರೆ ವಿಳಾಸ ಕೊಟ್ಟಿರ್ತಾರೆ. ಇಷ್ಟೂ ಗೊತ್ತಿಲ್ಲದವನಿಗೆ 180 ಡಾಲರ್ ಕೊಟ್ಟಿದ್ದೆ.

ಮನೆಗೆ ತಂದು ಬಿಡಿಸಿ ನೋಡಿದರೆ ಇನ್ನೂ ಇತ್ತು. ಫಾರಂ ತುಂಬಿದವರು ಸಹಿ ಹಾಕಬೇಕಾದ ಜಾಗ ಖಾಲಿ, ಅವನ ಹೆಸರು ಎಲ್ಲೂ ಇಲ್ಲ. ಚೆಕ್ಕು ಪಿನ್ ಹಾಕಿದಂತೆಯೇ ಇತ್ತು. ಅಕ್ಟೋಬರ್ 28, 2025 ಆದಮೇಲೆ ಯುಎಸ್‌ಸಿಐಎಸ್ ಚೆಕ್ ತಗೊಳ್ಳೋದನ್ನೇ ನಿಲ್ಲಿಸಿದೆ. ಕಾಗದದಲ್ಲಿ ಹಾಕಿದರೆ ಕಾರ್ಡಿಗೆ ಜಿ-1450, ಬ್ಯಾಂಕ್ ಅಕೌಂಟಿಗೆ ಜಿ-1650 ಫಾರಂ ಇಡಬೇಕು. ಅಂದರೆ ಅವನು ಪೋಸ್ಟ್ ಮಾಡಿದ್ದರೂ ಅದು ವಾಪಸ್ ಬರ್ತಿತ್ತು. ನಗಬೇಕೋ ಅಳಬೇಕೋ.

ಅವತ್ತು ರಾತ್ರಿ ಗೆಳೆಯನೊಬ್ಬ ಫೋನಲ್ಲಿ ಬೈದ. "ಲೋ, ಅದು ಆನ್‌ಲೈನಲ್ಲೇ ಆಗುತ್ತಲ್ಲೋ!" ಅತ್ತೆ ಹೆಸರಲ್ಲಿ ಅಕೌಂಟ್ ಮಾಡಿ, ಅವರನ್ನ ಪಕ್ಕ ಕೂರಿಸಿಕೊಂಡು ಒಂದೊಂದು ಪ್ರಶ್ನೇನೂ ಕನ್ನಡದಲ್ಲಿ ಓದಿ ಹೇಳಿ, ಭಾನುವಾರ ಮಧ್ಯಾಹ್ನ ಹಾಕಿದೆವು. ಫೀಸು 420, ಕಾಗದದ್ದಕ್ಕಿಂತ 50 ಕಮ್ಮಿ. ರಸೀದಿ ನಂಬರ್ ಅವತ್ತೇ ಸಿಕ್ಕಿತು. ತಿಂಗಳಿಡೀ ಪಟ್ಟ ಸಂಕಟ, ಒಂದು ಮಧ್ಯಾಹ್ನದ ಕೆಲಸ.

ಆನ್‌ಲೈನ್ ಇದ್ದರೆ ಆನ್‌ಲೈನೇ ಹಾಕಿ. ಕಾಗದದಲ್ಲೇ ಹಾಕಬೇಕಾದ್ದಿದ್ದರೆ ನೀವೇ ಅಂಚೆ ಕೌಂಟರಿಗೆ ಹೋಗಿ, ಎದುರಿಗೇ ಸ್ಕ್ಯಾನ್ ಮಾಡಿಸಿ ರಸೀದಿ ಇಸ್ಕೊಳ್ಳಿ, ವಿಳಾಸ ಅವತ್ತೇ ಯುಎಸ್‌ಸಿಐಎಸ್ ಸೈಟಿನಲ್ಲಿ ನೋಡಿ. ಇಡೀ ಕಟ್ಟಿನ ಒಂದು ಪ್ರತಿ ಮನೇಲಿರಲಿ. ಒರಿಜಿನಲ್ ಪಾಸ್‌ಪೋರ್ಟ್ ಯಾರಿಗೂ ಕೊಡಬೇಡಿ, ತಿಪಟೂರಿನವರಿಗಂತೂ ಬೇಡ (ತಿಪಟೂರಿನವರು ಕ್ಷಮಿಸಿ, ಹೊಟ್ಟೆ ಉರೀತಿದೆ).

ದುಡ್ಡು ವಾಪಸ್ ಕೇಳಿದ್ದಕ್ಕೆ "ಫಾರಂ ತುಂಬಿದ ಸರ್ವೀಸ್ ಚಾರ್ಜ್ ಅದು ಸರ್" ಅಂದ. ಸಂಕ್ರಾಂತಿ ದಿನ ಅವನಿಂದ ಎಳ್ಳುಬೆಲ್ಲದ ಫೋಟೋ ಬಂತು. 180 ಡಾಲರ್ ಇವತ್ತಿಗೂ ಬಂದಿಲ್ಲ.